ಗೇಮಿನ ರೇಟು ಫಿಕ್ಸ್ ಮಾಡೋದು ಯಾರು, ನಾವು ಕೂಗಾಡಿದ್ರೆ ಅವರಿಗೆ ಕೇಳ್ಸುತ್ತಾ?

ಪ್ರಶ್ನೆ: ಸರ್, ಹದಿನೈದು ವರ್ಷದಿಂದ ಗೇಮ್ ಆಡ್ತಿದೀನಿ. 60 ಡಾಲರ್ ಇದ್ದಿದ್ದು 70 ಆಯ್ತು, ಈಗ 80 ಅಂತಿದಾರೆ. ಅದರ ಮೇಲೆ ಜಾಸ್ತಿ ರೇಟಿನ ಡೀಲಕ್ಸ್ ಎಡಿಷನ್, ದುಡ್ಡು ಕೊಟ್ಟು ಆಡ್ತಾ ಆಡ್ತಾ ಬಹುಮಾನ ಗಳಿಸೋ ಬ್ಯಾಟಲ್ ಪಾಸ್, ಪಾತ್ರದ ವೇಷ ಬದಲಿಸೋ ಸ್ಕಿನ್ನು ಬೇರೆ. ಕಂಪನಿಯವರು ಖರ್ಚು ಜಾಸ್ತಿ ಆಗಿದೆ ಅಂತಾರೆ, ನನ್ ಫ್ರೆಂಡ್ಸು ಎಲ್ಲಾ ದುರಾಸೆ ಅಂತಾರೆ. ಯಾವುದು ನಿಜ? ಇನ್ನೊಂದು, ಬಾಯ್ಕಾಟು, ನೆಗೆಟಿವ್ ರಿವ್ಯೂ ಇದರಿಂದೆಲ್ಲ ಏನಾದ್ರೂ ಆಗುತ್ತಾ? ಹೋದ ತಿಂಗಳು ಒಂದು ಗೇಮನ್ನ ಮುಟ್ಟಲ್ಲ ಅಂತ ಎಲ್ಲರ ಹತ್ರ ಹೇಳ್ಕೊಂಡು ತಿರುಗಿ, ಮೊದಲ ದಿನವೇ ತಗೊಂಡೆ. ಅದಕ್ಕೇ ಕೇಳ್ತಿದೀನಿ.

ಉತ್ತರ: ಕೊನೇ ಸಾಲಿಂದ್ಲೇ ಶುರು ಮಾಡ್ತೀನಿ, ಯಾಕಂದ್ರೆ ಆ ವಿಷಯದಲ್ಲಿ ನಿಮಗೆ ಬೇಕಾದಷ್ಟು ಜೊತೆ ಇದೆ. 2009ರ ನವೆಂಬರ್‌ನಲ್ಲಿ ಕಾಲ್ ಆಫ್ ಡ್ಯೂಟಿ ಮಾಡರ್ನ್ ವಾರ್‌ಫೇರ್ 2 ಬಂತಲ್ಲ, ಅದರ ಪಿಸಿ ವರ್ಷನ್‌ನಲ್ಲಿ ಆಟಗಾರರೇ ನಡೆಸ್ಕೊಳ್ಳೋ ಡೆಡಿಕೇಟೆಡ್ ಸರ್ವರ್ ಇರಲ್ಲ ಅಂತ ಗೊತ್ತಾದಾಗ ಜನ ಕೆಂಡಾಮಂಡಲ ಆದ್ರು, ಪಿಸಿ ಗೇಮ್ ಮಾರೋ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಬಾಯ್ಕಾಟ್ ಅಂತ ಹೆಸರಿಟ್ಟೇ ಒಂದು ಗ್ರೂಪ್ ಕಟ್ಟಿದ್ರು. ಗೇಮ್ ರಿಲೀಸ್ ಆಯ್ತು, ಯಾರೋ ಪುಣ್ಯಾತ್ಮ ಆ ಗ್ರೂಪಿನ ಮೆಂಬರ್ ಲಿಸ್ಟ್ ತೆಗೆದು ಸ್ಕ್ರೀನ್‌ಶಾಟ್ ಹೊಡೆದ. ಹೆಸರು, ಹೆಸರಿನ ಕೆಳಗೆ ಆ ಕ್ಷಣಕ್ಕೆ ಆಡ್ತಿರೋ ಗೇಮು, ಹಸಿರು ಅಕ್ಷರದಲ್ಲಿ. ಸಾಲು ಸಾಲಾಗಿ ಅದೇ ಗೇಮು! ಇಷ್ಟು ವರ್ಷ ಆದ್ಮೇಲೂ ಆ ಫೋಟೋ ಓಡಾಡ್ತಾನೇ ಇದೆ. ನಾನು ಗೇಮಿಗೆ ದುಡ್ಡು ಹಾಕಿ ಮಾರೋ ಒಂದು ಪಬ್ಲಿಷರ್ ಕಂಪನಿಯಲ್ಲಿ ಬೆಲೆ ನೋಡ್ಕೊಳ್ಳೋ ಟೀಮಲ್ಲಿ ಕೆಲವು ವರ್ಷ ಇದ್ದೆ, ಅಲ್ಲಿ ಯಾರಾದ್ರೂ ಜನ ಸಿಟ್ಟಾಗಿದಾರೆ ಕಣ್ರೀ ಅಂದ್ರೆ ಎದುರಿಗೆ ಕೂತವರು ಈ ಫೋಟೋ ನೆನಪಿಸಿ ನಗ್ತಿದ್ರು. ಸಿಟ್ಟನ್ನ ಅವರು ಅಳೀತಾರೆ, ಆದ್ರೆ ಸಿಟ್ಟಿನ ಸದ್ದನ್ನ ಅಳೆಯಲ್ಲ, ಪ್ರೀಆರ್ಡರ್ ಎಷ್ಟು ಕ್ಯಾನ್ಸಲ್ ಆಯ್ತು, ರಿಫಂಡ್ ಎಷ್ಟು ಹೋಯ್ತು, ಅಷ್ಟೇ.

ಈಗ ರೇಟಿನ ವಿಷಯ. ಖರ್ಚು ಜಾಸ್ತಿ ಆಗಿರೋದು ಸುಳ್ಳಲ್ಲ. 2023ರ ಜೂನ್‌ನಲ್ಲಿ ಅಮೆರಿಕದ ಕೋರ್ಟಲ್ಲಿ ಮೈಕ್ರೋಸಾಫ್ಟು ಆಕ್ಟಿವಿಷನ್ ಅನ್ನೋ ಗೇಮ್ ಕಂಪನಿಯನ್ನ ಕೊಳ್ಳೋದರ ಬಗ್ಗೆ ಕೇಸ್ ನಡೀತಿದ್ದಾಗ ಪ್ಲೇಸ್ಟೇಷನ್ ಮಾಡೋ ಸೋನಿಯವರು ಕೊಟ್ಟ ಕಾಗದದಲ್ಲಿ ಗುಟ್ಟಿನ ಸಂಖ್ಯೆಗಳ ಮೇಲೆ ಮಾರ್ಕರ್ ಪೆನ್ನಲ್ಲಿ ಕಪ್ಪು ಬಳಿದಿದ್ರು, ಸ್ಕ್ಯಾನ್ ಆದ್ಮೇಲೆ ನೋಡಿದ್ರೆ ಮಸಿ ಅಡಿಯಲ್ಲಿದ್ದ ಅಂಕಿಗಳು ಹಾಗೇ ಕಾಣ್ತಿದ್ವು. ಕೋಟಿಗಟ್ಟಲೆ ಡಾಲರ್ ಕಂಪನಿ, ಒಂದು ಸರಿಯಾದ ಮಾರ್ಕರ್ ಇರಲಿಲ್ಲ ಪಾಪ. ಹಾಗೆ ಹೊರಬಿದ್ದ ಸಂಖ್ಯೆ ಏನು ಅಂದ್ರೆ, ಅವರದೇ ಗೇಮುಗಳಾದ ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2 ಮಾಡೋಕೆ ಸುಮಾರು 22 ಕೋಟಿ ಡಾಲರ್, ಹೊರೈಜನ್ ಫರ್ಬಿಡನ್ ವೆಸ್ಟ್‌ಗೆ 21 ಕೋಟಿ ಚಿಲ್ಲರೆ.

ಒಂದು ಕಾಗದ ತಗೊಂಡು ನನ್ ಜೊತೆ ಲೆಕ್ಕ ಹಾಕಿ. 22 ಕೋಟಿ ಖರ್ಚಿನ ಗೇಮನ್ನ 70 ಡಾಲರ್‌ಗೆ ಬೇರೆಯವರ ಸ್ಟೋರಲ್ಲಿ ಮಾರಿದ್ರೆ ಸ್ಟೋರಿನವನು ಮಾಮೂಲಿ 30 ಪರ್ಸೆಂಟ್ ಹಿಡ್ಕೋತಾನೆ, ಅಂದ್ರೆ 21 ಡಾಲರ್ ಹೋಯ್ತು, ಕೈಗೆ ಬರೋದು 49. ಹಾಕಿದ ದುಡ್ಡು ವಾಪಸ್ ಬರೋಕೇ 45 ಲಕ್ಷ ಕಾಪಿ ಹೋಗ್ಬೇಕು, ಅದೂ ಒಂದು ರೂಪಾಯಿ ಡಿಸ್ಕೌಂಟ್ ಇಲ್ದೆ, ಜಾಹೀರಾತಿನ ಖರ್ಚು ಸೇರಿಸದೆ. ಅದೇ ಗೇಮಿಗೆ 80 ಹಾಕಿ ನೋಡಿ, ಕೈಗೆ 56, ಈಗ 39 ಲಕ್ಷ ಕಾಪಿ ಸಾಕು. ಆ ಹತ್ತು ಡಾಲರ್ ಕಂಪನಿಯವರಿಗೆ ಯಾಕಷ್ಟು ಸಿಹಿ ಅಂತ ಈಗ ಗೊತ್ತಾಯ್ತಲ್ಲ. ಆರು ಲಕ್ಷ ಗಿರಾಕಿಗಳನ್ನ ಹುಡುಕೋ ತಲೆನೋವೇ ಇಲ್ಲ.

ಆದ್ರೆ ಇಲ್ಲೇ ಎಲ್ಲರೂ ಎಡವೋದು. ಖರ್ಚು ಜಾಸ್ತಿ, ಅದಕ್ಕೇ ರೇಟು ಜಾಸ್ತಿ ಅನ್ನೋದು ಕೇಳೋಕೆ ಸರಿ ಅನ್ಸುತ್ತೆ. ಆದ್ರೆ ರೇಟ್ ಫಿಕ್ಸ್ ಮಾಡೋ ಹೊತ್ತಿಗೆ ಆ 22 ಕೋಟಿ ಖರ್ಚಾಗಿ ಹೋಗಿರುತ್ತೆ, ಇನ್ನೊಂದು ಡಿಜಿಟಲ್ ಕಾಪಿ ಮಾಡೋಕೆ ಹತ್ತಿರ ಹತ್ತಿರ ಸೊನ್ನೆ ಖರ್ಚು. ಹಾಗಾಗಿ ಮೀಟಿಂಗಲ್ಲಿ ಎಷ್ಟು ಖರ್ಚಾಯ್ತು ಅನ್ನೋ ಮಾತು ಒಂದು ಸಲ ಬಂದು ಹೋಗುತ್ತೆ, ಮಿಕ್ಕಿದ್ದೆಲ್ಲಾ ಎಷ್ಟು ಕೇಳಿದ್ರೆ ಎಷ್ಟು ಜನ ಕೊಡ್ತಾರೆ ಅನ್ನೋದೇ. ಖರ್ಚೇ ರೇಟನ್ನ ತೀರ್ಮಾನ ಮಾಡೋದಾಗಿದ್ರೆ ಕೆಟ್ಟ ಗೇಮಿಗೂ ಒಳ್ಳೇ ಗೇಮಿಗೂ, ಮುನ್ನೂರು ಜನ ಮಾಡಿದ್ದಕ್ಕೂ ಸಾವಿರ ಜನ ಮಾಡಿದ್ದಕ್ಕೂ ಒಂದೇ 70 ಯಾಕೆ ಇರ್ಬೇಕು ಹೇಳಿ.

ಫ್ರೆಂಡ್ಸಿಗೆ ಇದನ್ನೂ ಹೇಳಿ, ಗೇಮು ಮೊದಲು ಅಗ್ಗ ಇತ್ತು ಅನ್ನೋದು ಅರ್ಧ ಸತ್ಯ. ಗೇಮು ಚಿಪ್ಪಿರೋ ಕಾರ್ಟ್ರಿಜ್‌ನಲ್ಲಿ ಬರ್ತಿದ್ದ ಕಾಲದಲ್ಲಿ ಆ ಚಿಪ್ಪಿನ ರೇಟೇ ಜಾಸ್ತಿ ಇತ್ತು, ತೊಂಬತ್ತರ ದಶಕದಲ್ಲಿ 70, 80 ಡಾಲರಿನ ಗೇಮುಗಳು ಅಮೆರಿಕದ ಅಂಗಡಿಗಳಲ್ಲಿ ಇದ್ವು. ಡಿಸ್ಕ್ ಬಂದು 50ಕ್ಕೆ ಇಳೀತು, 2005ರಲ್ಲಿ ಮೈಕ್ರೋಸಾಫ್ಟಿನ ಗೇಮ್ ಆಡೋ ಮೆಷಿನ್ (ಕನ್ಸೋಲ್) ಎಕ್ಸ್‌ಬಾಕ್ಸ್ 360 ಜೊತೆ 60 ಆಯ್ತು, ಅಲ್ಲಿಂದ 15 ವರ್ಷ ಅದೇ 60. 2020ರಲ್ಲಿ ಎನ್‌ಬಿಎ 2ಕೆ21 ಅನ್ನೋ ಬಾಸ್ಕೆಟ್‌ಬಾಲ್ ಗೇಮು ಹೊಸ ಕನ್ಸೋಲ್‌ಗೆ 70 ಅಂತ ಮೊದಲು ಕೆಮ್ಮಿ ನೋಡ್ತು, ಮಿಕ್ಕವರು ಹಿಂದೆ ಬಂದ್ರು. 2005ರ 60 ಡಾಲರ್ ಅಂದ್ರೆ ಹಣದುಬ್ಬರ ಸೇರಿಸಿದ್ರೆ 2025ರಲ್ಲಿ 95 ದಾಟುತ್ತೆ. ಹಾಗಾದ್ರೆ ಆ 15 ವರ್ಷ ಕಂಪನಿಗಳು ದಾನ ಮಾಡ್ತಿದ್ವಾ? ಛೇ, ಇಲ್ಲ. ಕೊಳ್ಳೋರ ಸಂಖ್ಯೆ ಬೆಳೀತಾ ಇತ್ತು, ಬಾಕ್ಸು ಡಿಸ್ಕು ಲಾರಿ ಖರ್ಚು ತಪ್ತಾ ಇತ್ತು, ಮತ್ತೆ ಗೇಮಿನ ಒಳಗೇ ಇನ್ನೊಂದು ಅಂಗಡಿ ತೆರೆದಿದ್ರು.

ಆ ಒಳಗಿನ ಅಂಗಡಿಯ ಕಥೆ ಸ್ವಲ್ಪ ನಿಧಾನಕ್ಕೆ ಹೇಳ್ಬೇಕು, ನಿಮ್ಮ ಎರಡನೇ ಪ್ರಶ್ನೆಯ ಉತ್ತರ ಅಲ್ಲೇ ಇರೋದು. 2006ರ ಏಪ್ರಿಲ್‌ನಲ್ಲಿ ಬೆಥೆಸ್ಡಾದವರು ಒಬ್ಲಿವಿಯನ್ ಗೇಮಿಗೆ ಕುದುರೆಗೆ ತೊಡಿಸೋ ಕವಚ ಅಂತ ಎರಡೂವರೆ ಡಾಲರಿಗೆ ಮಾರೋಕೆ ಇಟ್ರು. ಇಡೀ ಗೇಮಿಂಗ್ ಪ್ರಪಂಚ ಹೊಟ್ಟೆ ಹಿಡ್ಕೊಂಡು ನಗ್ತು, ಉಗೀತು, ಕಾರ್ಟೂನ್ ಬರೀತು, ಇವತ್ತಿಗೂ ಕುದುರೆ ಕವಚ ಅಂದ್ರೆ ಅದು ಒಂದು ಬೈಗುಳ. ಆದ್ರೆ ಜನ ಅದನ್ನ ತಗೊಂಡ್ರು, ಚೆನ್ನಾಗೇ ತಗೊಂಡ್ರು. ಉಗಿದಿದ್ದು ಯಾರಿಗೂ ಲೆಕ್ಕಕ್ಕೆ ಬರಲಿಲ್ಲ, ತಗೊಂಡಿದ್ದು ಬಂತು. ಅಲ್ಲಿಂದ ಒಳಗೇನಿದೆ ಅಂತ ಗೊತ್ತಿಲ್ದೆ ಕೊಳ್ಳೋ ಲೂಟ್ ಬಾಕ್ಸು, ಬ್ಯಾಟಲ್ ಪಾಸು, 20 ಡಾಲರಿನ ಒಂದು ಸ್ಕಿನ್ನು, ಎಲ್ಲಿಗೆ ಬಂದು ನಿಂತಿದೆ ನೀವೇ ನೋಡ್ತಿದೀರಲ್ಲ. ಇಎ ಅನ್ನೋ ದೊಡ್ಡ ಗೇಮ್ ಕಂಪನಿಯ ಆದಾಯದಲ್ಲಿ ಈಗ ಮುಕ್ಕಾಲು ಪಾಲಿನ ಹತ್ತಿರ ಬರೋದು ಗೇಮ್ ಮಾರಿ ಅಲ್ಲ, ಮಾರಿದ ಮೇಲಿನ ಲೈವ್ ಸರ್ವಿಸ್‌ನಿಂದ. ಮೂಗಿಗಿಂತ ಮೂಗುತಿ ಭಾರ ಅಂತಾರಲ್ಲ, ಹಾಗೆ.

ಇಂಥ ಗೇಮುಗಳಲ್ಲಿ ನಾನು ಸ್ಕಿನ್ ತಗೊಳ್ಳಲ್ಲ, ಬುದ್ಧಿ ಕಲಿಸ್ತೀನಿ ಅಂದ್ರೆ ಕೆಲಸ ಆಗಲ್ಲ. ಫ್ರೀ ಗೇಮ್ ಆಡೋರಲ್ಲಿ ಬಹುಪಾಲು ಜನ ಬಿಡಿಗಾಸೂ ಬಿಚ್ಚಲ್ಲ, ಅದು ಅವರಿಗೆ ಮೊದಲೇ ಗೊತ್ತು, ಇಡೀ ವ್ಯವಹಾರ ನಿಂತಿರೋದು ತಿಂಗಳಿಗೆ ನೂರಾರು ಡಾಲರ್ ಸುರಿಯೋ ಸಣ್ಣ ಗುಂಪಿನ ಮೇಲೆ. ಇಂಡಸ್ಟ್ರಿಯಲ್ಲಿ ಅವರನ್ನ ವೇಲ್ಸ್ ಅಂತಾರೆ, ತಿಮಿಂಗಿಲಗಳು. ಮೊದಲ ಸಲ ಆ ಪದ ಕೇಳಿದಾಗ ನನಗೆ ಮುಜುಗರ ಆಗಿತ್ತು, ಆರು ತಿಂಗಳಲ್ಲಿ ನಾನೇ ಯೂಸ್ ಮಾಡ್ತಿದ್ದೆ. ನೀವು ಇಂಥ ಗೇಮಲ್ಲಿ ದುಡ್ಡು ಕೊಡ್ದೆ ಇದ್ರೂ ತಿಮಿಂಗಿಲ ತನ್ನ ಸ್ಕಿನ್ನು ತೋರಿಸ್ಕೊಳ್ಳೋಕೆ ಬೇಕಾದ ಜನಜಂಗುಳಿಯಲ್ಲಿ ನೀವೂ ಒಬ್ಬರು.

ಹಾಗಾದ್ರೆ ಜನ ಗೆದ್ದಿದ್ದೇ ಇಲ್ವಾ? ಗೆದ್ದಿದಾರೆ, ಮತ್ತೆ ಹೇಗೆ ಗೆದ್ರು ಅನ್ನೋದು ನೋಡ್ಬೇಕು.

2017ರ ನವೆಂಬರ್, ಇದೇ ಇಎಯವರ ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2. 60 ಡಾಲರ್ ಕೊಟ್ಟು ಗೇಮ್ ತಗೊಂಡ ಮೇಲೂ ಸಿನಿಮಾದ ವಿಲನ್ ಡಾರ್ತ್ ವೇಡರ್ ಆಗಿ ಆಡೋಕೆ 60,000 ಕ್ರೆಡಿಟ್, ಅಂದ್ರೆ ಗೇಮಿನ ಒಳಗಿನ ದುಡ್ಡು, ಸೇರಿಸ್ಬೇಕಿತ್ತು, ಯಾರೋ ಕೂತು ಲೆಕ್ಕ ಹಾಕಿದ್ರು, ಸುಮಾರು 40 ಗಂಟೆ. ರೆಡಿಟ್ ಅನ್ನೋ ಚರ್ಚಾ ತಾಣದಲ್ಲಿ ಇಎ ಕಡೆಯವರು, ಕಷ್ಟಪಟ್ಟು ಗಳಿಸಿದ್ರೆ ನಿಮಗೇ ಹೆಮ್ಮೆ ಅನ್ಸುತ್ತೆ ಅನ್ನೋ ಥರ ಉತ್ತರ ಕೊಟ್ರು. ಆ ಒಂದು ಕಾಮೆಂಟಿಗೆ ಆರೂವರೆ ಲಕ್ಷಕ್ಕೂ ಹೆಚ್ಚು ಡೌನ್‌ವೋಟ್ (ಇಷ್ಟ ಇಲ್ಲ ಅನ್ನೋ ಓಟು) ಬಿದ್ದು ಗಿನ್ನೆಸ್ ದಾಖಲೆ ಆಯ್ತು. ಮೊದಲು 60,000ವನ್ನ 15,000ಕ್ಕೆ ಇಳಿಸಿದ್ರು, ಆಗಲೂ ಬೆಂಕಿ ಆರಲಿಲ್ಲ, ಕೊನೆಗೆ ರಿಲೀಸಿಗೆ ಕೆಲವೇ ಗಂಟೆ ಮುಂಚೆ ಗೇಮಿನ ಒಳಗೆ ನಿಜವಾದ ದುಡ್ಡು ಕೊಟ್ಟು ಲೂಟ್ ಬಾಕ್ಸ್ ಥರದ್ದನ್ನ ಕೊಳ್ಳೋ ವ್ಯವಸ್ಥೇನೇ ಆಫ್ ಮಾಡಿದ್ರು. ಮತ್ತೆ ಬಂದಿದ್ದು 2018ರ ಏಪ್ರಿಲ್‌ನಲ್ಲಿ, ಅದೂ ಬರೀ ಅಲಂಕಾರದ ವಸ್ತುಗಳಿಗೆ. ಎಲ್ಲರೂ ಇದನ್ನ ಡೌನ್‌ವೋಟಿನ ಗೆಲುವು ಅಂತಾರೆ, ನನಗೆ ಅಷ್ಟು ನಂಬಿಕೆ ಇಲ್ಲ. ಸ್ಟಾರ್ ವಾರ್ಸ್ ಹೆಸರು ಡಿಸ್ನಿಯದ್ದು, ಸಿನಿಮಾ ಡಿಸೆಂಬರ್‌ನಲ್ಲಿ ಬರೋದಿತ್ತು, ಮಕ್ಕಳ ಬ್ರ್ಯಾಂಡಿನ ಪಕ್ಕ ಜೂಜು ಅನ್ನೋ ಪದ ಟಿವಿ ನ್ಯೂಸಲ್ಲಿ ಬರ್ತಿತ್ತು. ಡಿಸ್ನಿಯವರಿಗೆ ಇರುಸುಮುರುಸು ಆಗಿತ್ತು ಅಂತ ಆಗಲೇ ವರದಿಗಳು ಬಂದಿದ್ವು. ಅದಾದ್ಮೇಲೆ 2018ರಲ್ಲಿ ಬೆಲ್ಜಿಯಂ ಲೂಟ್ ಬಾಕ್ಸನ್ನ ಜೂಜು ಅಂತಲೇ ಘೋಷಿಸ್ತು. ಅಂದ್ರೆ ಗೇಮರ್‌ಗಳ ಸಿಟ್ಟು ಗೇಮರ್ ಅಲ್ಲದವರ ಕಿವಿಗೆ ಬಿದ್ದಾಗ, ಲೈಸೆನ್ಸ್ ಕೊಟ್ಟವನಿಗೆ, ಸರ್ಕಾರಕ್ಕೆ ತಲುಪಿದಾಗ ಬೋರ್ಡ್ ರೂಮಲ್ಲಿ ಬೆವರು ಬರುತ್ತೆ.

ಪಕ್ಕದಲ್ಲೇ ಪೈಪೋಟಿ ಇದ್ರೆ ಇನ್ನೂ ಬೇಗ ಆಗುತ್ತೆ. 2013ರಲ್ಲಿ ಮೈಕ್ರೋಸಾಫ್ಟು ಎಕ್ಸ್‌ಬಾಕ್ಸ್ ಒನ್ ದಿನಕ್ಕೊಂದು ಸಲ ಇಂಟರ್ನೆಟ್ಟಿಗೆ ಕನೆಕ್ಟ್ ಆಗ್ಲೇಬೇಕು, ಸೆಕೆಂಡ್ ಹ್ಯಾಂಡ್ ಡಿಸ್ಕಿಗೆ ಕಟ್ಟುಪಾಡು ಅಂತೆಲ್ಲ ಹೇಳಿ 499 ಡಾಲರ್ ಇಡ್ತು. ಇ3 ಅನ್ನೋ ಗೇಮ್ ಮೇಳದಲ್ಲಿ ಸೋನಿಯವರು ಸ್ಟೇಜ್ ಮೇಲೆ ನಿಂತು ನಮ್ಮ ಪ್ಲೇಸ್ಟೇಷನ್ 4ರಲ್ಲಿ ಅದ್ಯಾವುದೂ ಇಲ್ಲ, ರೇಟು 399 ಅಂದ್ರು. ಹತ್ತೇ ದಿನದಲ್ಲಿ ಮೈಕ್ರೋಸಾಫ್ಟು ತನ್ನ ರೂಲ್ಸೆಲ್ಲಾ ವಾಪಸ್ ನುಂಗ್ತು. ಜನ ಬರೀ ಬೈದಿದ್ರೆ ಹೀಗಾಗ್ತಿರಲಿಲ್ಲ, ಬೈದವರಿಗೆ ಹೋಗೋಕೆ ಇನ್ನೊಂದು ಮನೆ ಬಾಗಿಲು ತೆರೆದಿತ್ತು.

ಇನ್ನೊಂದು ಕಡೆ ನಿಂಟೆಂಡೋ ನೋಡಿ. 2025ರ ಏಪ್ರಿಲ್‌ನಲ್ಲಿ ಮಾರಿಯೋ ಕಾರ್ಟ್ ವರ್ಲ್ಡ್ 80 ಡಾಲರ್ ಅಂತ ಗೊತ್ತಾದ ಮಾರನೇ ದಿನ ಅವರ ಲೈವ್ ಸ್ಟ್ರೀಮ್ ಚಾಟ್ ತುಂಬಾ ರೇಟ್ ಇಳಿಸಿ, ರೇಟ್ ಇಳಿಸಿ, ಬೇರೆ ಮಾತೇ ಇಲ್ಲ, ಸ್ಕ್ರೀನ್ ಮೇಲೆ ಗೇಮ್ ತೋರಿಸ್ತಿದ್ದ ಹುಡುಗರು ಪಾಪ ಅದು ಕಣ್ಣಿಗೇ ಬಿದ್ದಿಲ್ಲ ಅನ್ನೋ ಹಾಗೆ ನಗ್ತಾ ಆಡ್ತಿದ್ರು. ಜೂನಲ್ಲಿ ಆ ಗೇಮ್ ಆಡೋಕೆ ಬೇಕಾದ ಅವರ ಹೊಸ ಕನ್ಸೋಲ್ ಸ್ವಿಚ್ 2 ಬಂತು, ನಾಲ್ಕು ದಿನದಲ್ಲಿ 35 ಲಕ್ಷ ಹೋಯ್ತು. ಮಾರಿಯೋ ಬೇರೆ ಎಲ್ಲೂ ಸಿಗಲ್ಲ, ಅಷ್ಟೇ ಸಂಗತಿ. ಅದೇ ವರ್ಷ ಮೈಕ್ರೋಸಾಫ್ಟು ದಿ ಔಟರ್ ವರ್ಲ್ಡ್ಸ್ 2ಕ್ಕೆ 80 ಅಂತ ಹಾಕಿ, ಜುಲೈನಲ್ಲಿ ತೆಪ್ಪಗೆ 70ಕ್ಕೆ ಇಳಿಸಿ, ಮೊದಲೇ ಬುಕ್ ಮಾಡಿದವರಿಗೆ ದುಡ್ಡು ವಾಪಸ್ ಮಾಡ್ತು. ಹೆಸರಿನ ಬಲ ಇಲ್ದೆ 80 ಕೇಳೋಕಾಗಲ್ಲ ಅಂತ ಅವರಿಗೇ ಗೊತ್ತಾಯ್ತು. ಖುಷಿ ಪಡೋಷ್ಟರಲ್ಲಿ ಅಕ್ಟೋಬರ್‌ನಲ್ಲಿ ತಮ್ಮ ಗೇಮ್ ಚಂದಾ ಗೇಮ್ ಪಾಸ್ ಅಲ್ಟಿಮೇಟ್ ತಿಂಗಳಿಗೆ 20 ಇದ್ದಿದ್ದನ್ನ 30 ಮಾಡಿದ್ರು ಬಿಡಿ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ಕೊಳ್ಳೋದು ಅಂದ್ರೆ ಇದೇ.

ನನ್ನ ಲೆಕ್ಕದಲ್ಲಿ ಗಿರಾಕಿ ಕೈಯಲ್ಲಿರೋ ಗಟ್ಟಿ ಆಯುಧ ರಿಫಂಡು, ರಿವ್ಯೂ ಅದರ ನೆರಳು. 2014ರಲ್ಲಿ ಆಸ್ಟ್ರೇಲಿಯಾದ ಗ್ರಾಹಕ ಆಯೋಗ ಸ್ಟೀಮ್ ನಡೆಸೋ ವಾಲ್ವ್ ಮೇಲೆ ಕೇಸ್ ಹಾಕ್ತು, ನಿಮ್ಮ ರಿಫಂಡ್ ಪಾಲಿಸಿ ನಮ್ಮ ಕಾನೂನಿಗೆ ವಿರುದ್ಧ ಅಂತ. ಕೇಸ್ ನಡೀತಿರುವಾಗಲೇ 2015ರ ಜೂನ್‌ನಲ್ಲಿ ಸ್ಟೀಮು ಈಗಿರೋ ರೂಲ್ ತಂತು, ತಗೊಂಡು 14 ದಿನ ಒಳಗೆ, ಆಡಿದ್ದು 2 ಗಂಟೆ ಒಳಗೆ ಇದ್ರೆ ಕಾರಣ ಏನೇ ಇರ್ಲಿ ದುಡ್ಡು ವಾಪಸ್. ಆಮೇಲೆ ಕೋರ್ಟು ವಾಲ್ವ್‌ಗೆ 30 ಲಕ್ಷ ಆಸ್ಟ್ರೇಲಿಯನ್ ಡಾಲರ್ ದಂಡಾನೂ ಹಾಕ್ತು. ರಿಫಂಡ್ ಕೇಳುವಾಗ ಕೆಳಗೆ ಕಾರಣ ಬರೆಯೋಕೆ ಒಂದು ಸಣ್ಣ ಬಾಕ್ಸ್ ಇರುತ್ತೆ ನೋಡಿ, ಎಲ್ಲರೂ ಒಂದು ಚುಕ್ಕಿ ಒತ್ತಿ ಕಳಿಸ್ತಾರೆ. ಅದು ಗೇಮ್ ಮಾಡಿದವರ ಕಡೆಗೆ ಹೋಗುತ್ತೆ, ನಾನು ಕೂತು ಓದಿದೀನಿ. ಕಳ್ಳ ನನ್ಮಕ್ಳು ಅಂತ ಬರೆದಿದ್ರೆ ಮುಂದಕ್ಕೆ ಸ್ಕ್ರಾಲ್ ಮಾಡ್ತಿದ್ವಿ, ಡೀಲಕ್ಸ್ ಎಡಿಷನ್ನಿನ ಎರಡು ಮಿಷನ್ ಮೊದಲೇ ಗೇಮಲ್ಲಿ ಇರ್ಬೇಕಿತ್ತು ಅಂತ ಒಂದೇ ಮಾತು ಐವತ್ತು ಸಲ ಬಂದಿದ್ರೆ ಅದು ಸೀದಾ ಮೇಲಿನವರ ಸ್ಲೈಡಿಗೆ ಹೋಗ್ತಿತ್ತು.

ಹೆಲ್‌ಡೈವರ್ಸ್ 2 ಗಲಾಟೆ ನೆನಪಿರಬಹುದು, 2024ರ ಮೇ. 40 ಡಾಲರ್ ಗೇಮು, ಚೆನ್ನಾಗಿ ಓಡ್ತಿತ್ತು, ಸೋನಿಯವರು ಇದ್ದಕ್ಕಿದ್ದಂಗೆ ಪಿಸಿಯಲ್ಲಿ ಆಡೋರೂ ತಮ್ಮ ಆನ್‌ಲೈನ್ ಸರ್ವಿಸ್ ಪಿಎಸ್ಎನ್‌ನ ಅಕೌಂಟ್ ಲಿಂಕ್ ಮಾಡ್ಲೇಬೇಕು ಅಂದ್ರು, ಆ ಸರ್ವಿಸೇ ಇಲ್ದಿರೋ ದೇಶಗಳಲ್ಲೂ ಗೇಮ್ ಮಾರಿದ್ರು ಬೇರೆ. ಕೆಲವೇ ದಿನದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ನೆಗೆಟಿವ್ ರಿವ್ಯೂ, ರಿಫಂಡ್ ಕೇಳೋರ ಸಾಲು, ವಾರ ತುಂಬೋ ಮುಂಚೆ ಸೋನಿ ಕೈ ಚೆಲ್ತು. ಇಲ್ಲಿ ರಿವ್ಯೂ ಯಾಕೆ ಕೆಲಸ ಮಾಡ್ತು ಅಂದ್ರೆ ಬರೆದವರು ನಿಜವಾಗ್ಲೂ ದುಡ್ಡು ಕೊಟ್ಟು ನೂರಾರು ಗಂಟೆ ಆಡಿದವರು, ಮತ್ತೆ ಆ ಗೇಮು ದಿನಾ ದಿನಾ ಹೊಸಬರು ಬಂದ್ರೇನೇ ಬದುಕೋ ಥರದ್ದು. ಕೇಳಿದ್ದೂ ಒಂದೇ ಒಂದು ವಿಷಯ. ಒಂದೇ ಸಲ ರೇಟು, ಸರ್ವರು, ಕಥೆ, ಹೀರೋಯಿನ್ ಮುಖ ಎಲ್ಲದಕ್ಕೂ ಬೈಯೋ ರಿವ್ಯೂ ದಾಳಿಗಳನ್ನ ಕಂಪನಿಯವರು ಮಳೆ ಥರ ನೋಡ್ತಾರೆ, ನಿಲ್ಲುತ್ತೆ ಬಿಡು ಅಂತ.

ಸದ್ದೇ ಇಲ್ದೆ ಆಗೋದೂ ಇದೆ. ಅದೇ ವರ್ಷ ಆಗಸ್ಟ್ 23ಕ್ಕೆ ಸೋನಿಯವರ ಕಾಂಕಾರ್ಡ್ ಅನ್ನೋ ಶೂಟಿಂಗ್ ಗೇಮು ಬಂತು, ಅದೂ 40 ಡಾಲರ್. ಯಾರೂ ಬಾಯ್ಕಾಟ್ ಗ್ರೂಪ್ ಕಟ್ಟಲಿಲ್ಲ, ಸುಮ್ನೆ ತಗೊಳ್ಳಲಿಲ್ಲ. ಎರಡೇ ವಾರಕ್ಕೆ, ಸೆಪ್ಟೆಂಬರ್ 6ಕ್ಕೆ ಸರ್ವರ್ ಬಂದ್, ಎಲ್ಲರಿಗೂ ದುಡ್ಡು ವಾಪಸ್. ಅಕ್ಟೋಬರ್‌ನಲ್ಲಿ ಸ್ಟುಡಿಯೋನೇ ಮುಚ್ಚಿದ್ರು. ಇದನ್ನ ಗಿರಾಕಿಗಳ ಗೆಲುವು ಅಂತ ಸಂಭ್ರಮ ಪಟ್ಟವರನ್ನ ಕಂಡು ನನಗೆ ಖುಷಿ ಆಗಲಿಲ್ಲ, ಯಾಕಂದ್ರೆ ರೇಟು ಫಿಕ್ಸ್ ಮಾಡಿದವರು, ಈ ಥರ ಗೇಮೇ ಬೇಕು ಅಂತ ಹಟ ಹಿಡಿದವರು ಸಾಮಾನ್ಯವಾಗಿ ಕೆಲಸ ಕಳ್ಕೊಳ್ಳಲ್ಲ, ಗೇಮಿನ ಬಂದೂಕಿನ ಚಿತ್ರ ಬಿಡಿಸಿದ ಹುಡುಗ ಕಳ್ಕೋತಾನೆ.

ಸರಿ, ನೀವೇನು ಮಾಡ್ಬಹುದು. ಪ್ರೀಆರ್ಡರ್ ಬಿಟ್ಬಿಡಿ, ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ ಹಾಗೆ ಅದು, ಡಿಜಿಟಲ್ ಕಾಪಿ ಸ್ಟಾಕ್ ಖಾಲಿ ಆಗಿದ್ದು ಎಲ್ಲಾದ್ರೂ ಕೇಳಿದೀರಾ? 2020ರ ಡಿಸೆಂಬರ್‌ನಲ್ಲಿ ಸೈಬರ್‌ಪಂಕ್ 2077ನ ಹಳೇ ಕನ್ಸೋಲಿಗೆ ಮುಂಚೆನೇ ಬುಕ್ ಮಾಡಿದವರಿಗೆ ಸಿಕ್ಕಿದ್ದು ಏನು ಅಂತ ಗೊತ್ತಲ್ಲ, ಬಂದ ಎಂಟೇ ದಿನಕ್ಕೆ ಸೋನಿ ತನ್ನ ಸ್ಟೋರಿಂದ ಅದನ್ನ ತೆಗೆದುಹಾಕ್ತು. ಮತ್ತೆ ಆ 100 ಡಾಲರ್ ಡೀಲಕ್ಸ್‌ನಲ್ಲಿ ಮೂರು ದಿನ ಮುಂಚೆ ಆಡೋಕೆ ಬಿಡ್ತೀವಿ ಅಂತಾರಲ್ಲ, ಮಿಕ್ಕವರಿಗೆ ಮೂರು ದಿನ ತಡ ಮಾಡಿ ಆ ತಡಾನೇ ನಿಮಗೆ ಮಾರ್ತಿದಾರೆ.

ರೇಟು ಅನ್ನೋದು ಒಂದು ಮೆಟ್ಟಿಲು. ಅವಸರದವನಿಗೆ 100, ಮೊದಲ ದಿನಕ್ಕೆ 70, ಆರು ತಿಂಗಳಿಗೆ 40, ಎರಡು ವರ್ಷಕ್ಕೆ 20, ಆಮೇಲೆ ಯಾವುದಾದ್ರೂ ಸಬ್‌ಸ್ಕ್ರಿಪ್ಷನ್‌ನಲ್ಲಿ ಪುಕ್ಕಟೆ. ಮೇಲಿನ ರೇಟು ಏರಿಸೋದರಲ್ಲಿ ಇನ್ನೊಂದು ಚಾಲಾಕಿ ಏನಂದ್ರೆ, 80 ಅಂತ ಬರೆದು ಹೊಡೆದುಹಾಕಿ 40 ಅಂದ್ರೆ 60 ಹೊಡೆದು 40 ಅಂದಿದ್ದಕ್ಕಿಂತ ದೊಡ್ಡ ಲಾಭದ ಥರ ಕಾಣುತ್ತೆ. ಇರ್ಲಿ, ಆ ಮೆಟ್ಟಿಲು ನಿಮಗೂ ಕೆಲಸಕ್ಕೆ ಬರುತ್ತೆ. ಬೇಕಾದ ಗೇಮನ್ನ ವಿಶ್‌ಲಿಸ್ಟಿಗೆ ಹಾಕಿ ಸುಮ್ನಿರಿ. ವಿಶ್‌ಲಿಸ್ಟಲ್ಲಿ ಎಷ್ಟು ಜನ ಇದಾರೆ, ಅದರಲ್ಲಿ ಎಷ್ಟು ಜನ ತಗೊಂಡ್ರು ಅಂತ ಪಬ್ಲಿಷರ್ ದಿನಾ ನೋಡ್ತಾನೆ. ರಿಲೀಸ್ ದಿನ ಆ ಸಾಲು ಕರಗದೆ ಹಾಗೇ ನಿಂತಿದ್ರೆ ಮೊದಲ ಡಿಸ್ಕೌಂಟು ಬೇಗ ಬರುತ್ತೆ, ನಾನು ಇದ್ದ ಟೀಮಲ್ಲಿ ಕಣ್ಣಾರೆ ಕಂಡಿದ್ದು. ನಿಂಟೆಂಡೋ ಗೇಮಿಗೆ ಮಾತ್ರ ಈ ಉಪಾಯ ನಡೆಯಲ್ಲ, ಅವರು ವರ್ಷಗಟ್ಟಲೆ ರೇಟು ಇಳಿಸಲ್ಲ, ಇಳಿಸಲ್ಲ ಅಂತ ಗೊತ್ತಿರೋದ್ರಿಂದ್ಲೇ ಜನ ಮೊದಲ ದಿನ ತಗೋತಾರೆ.

ಇನ್ನೊಂದು, ಬರೀ ತಗೊಳ್ದೆ ಇರೋದಕ್ಕಿಂತ ಅದರ ಬದಲು ಯಾವುದನ್ನ ತಗೊಂಡ್ರಿ ಅನ್ನೋದು ಜಾಸ್ತಿ ಕೇಳ್ಸುತ್ತೆ. 2025ರಲ್ಲಿ ಎಕ್ಸ್‌ಪೆಡಿಷನ್ 33 ಅನ್ನೋ ಗೇಮು 50 ಡಾಲರಿಗೆ ಬಂದು ಮನೆಮಾತಾಯ್ತು, ಹಾಲೋ ನೈಟ್ ಸಿಲ್ಕ್‌ಸಾಂಗ್ 20 ಡಾಲರಿಗೆ ಬಂದ ದಿನ ಸ್ಟೀಮ್ ಸ್ಟೋರೇ ಮಕಾಡೆ ಮಲಗ್ತು. 80 ಕೇಳ್ಬೇಕು ಅಂತ ಕೂತಿರೋ ಮ್ಯಾನೇಜರಿಗೆ ಅವನ ಬಾಸ್ ಕೇಳೋ ಮೊದಲ ಪ್ರಶ್ನೆ ಈಗ ಇದೇ, ಅವರು 20ಕ್ಕೆ ಕೊಡ್ತಿರುವಾಗ ನಮ್ಮದರಲ್ಲಿ ನಾಲ್ಕರಷ್ಟು ಏನಿದೆ ಅಂತ. ಸಾವಿರ ನೆಗೆಟಿವ್ ರಿವ್ಯೂ ಆ ಪ್ರಶ್ನೆ ಹುಟ್ಟಿಸಲ್ಲ.

ನಿಮ್ಮ ಗೇಮಿನ ವಿಷಯ. ಹೋದ ತಿಂಗಳು ತಗೊಂಡಿದ್ದು ಅಂದ್ರೆ 14 ದಿನ ಯಾವಾಗಲೋ ಮುಗಿದಿದೆ, ಎರಡು ಗಂಟೆಯಂತೂ ಮೊದಲ ರಾತ್ರಿಯೇ ಮುಗಿದಿರುತ್ತೆ, ಇನ್ನು ಬೇಜಾರು ಮಾಡ್ಕೊಂಡು ಏನೂ ಪ್ರಯೋಜನ ಇಲ್ಲ, ನೆಮ್ಮದಿಯಾಗಿ ಆಡಿ. ಮುಂದೆ ಬರೋ ಹೆಚ್ಚುವರಿ ಭಾಗಗಳ ಸೀಸನ್ ಪಾಸ್ ಇನ್ನೂ ತಗೊಂಡಿಲ್ಲ ಅಂದ್ರೆ ಅದೊಂದನ್ನ ಮುಟ್ಬೇಡಿ, ಎಲ್ಲಾ ಸೇರಿಸಿ ಒಂದು ಕಂಪ್ಲೀಟ್ ಎಡಿಷನ್ ಬಿಡ್ತಾರೆ, ಅದು ಸೇಲಿಗೆ ಬಂದಾಗ ನೋಡ್ಕೊಳ್ಳಿ. ಈ ಸಲ ಯಾರ ಹತ್ರಾನೂ ಮುಂಚೆನೇ ಹೇಳ್ಕೊಂಡು ತಿರುಗ್ಬೇಡಿ.